ನರಗುಂದದ ಬಗ್ಗೆ ಯಾರು ಏನು ಬರೆದಿದ್ದಾರೆ? ಪೂರ್ವ ಅಧ್ಯಯನಗಳ ಸಮೀಕ್ಷೆ ಹೀಗೆ ಮಾಡಿ

ಪಿಎಚ್‌.ಡಿ. ಪ್ರಬಂಧಗಳ ಎರಡನೇ ಅಧ್ಯಾಯ ಬಹುಪಾಲು ಒಂದೇ ಧಾಟಿಯಲ್ಲಿರುತ್ತದೆ. ಇಂಥವರು ಇಂಥ ವರ್ಷ ಹೀಗೆ ಹೇಳಿದರು, ಮತ್ತೊಬ್ಬರು ಹಾಗೆ ಹೇಳಿದರು ಎಂದು ಪುಟಗಟ್ಟಲೆ ಸಾಗುತ್ತದೆ. ಅದು ಗ್ರಂಥಸೂಚಿಯನ್ನೇ ವಾಕ್ಯ ಮಾಡಿ ಬರೆದದ್ದು, ಸಮೀಕ್ಷೆಯಲ್ಲ. ಒಂದು ವಿಷಯದಲ್ಲಿ ಈವರೆಗೆ ಏನು ತಿಳಿದಿದೆ, ವಿದ್ವಾಂಸರ ನಡುವೆ ತಕರಾರು ಎಲ್ಲಿದೆ, ಯಾರೂ ಕೈಹಾಕದೆ ಉಳಿದದ್ದು ಯಾವುದು ಎಂದು ತೋರಿಸಿದರೆ ಮಾತ್ರ ಸಮೀಕ್ಷೆಗೆ ಅರ್ಥ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಕಿರುಪ್ರಬಂಧಕ್ಕೋ ಪಿಎಚ್‌.ಡಿ.ಗೋ ಹೊರಟವರಿಗಾಗಿ ಊರಿನದೇ ಉದಾಹರಣೆ ತೆಗೆದುಕೊಳ್ಳೋಣ: 1980ರ ನರಗುಂದ ರೈತ ಹೋರಾಟ.

ಮೊದಲು ಪ್ರಶ್ನೆ

‘ನರಗುಂದ ರೈತ ಬಂಡಾಯ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಇಟ್ಟುಕೊಂಡು ಗ್ರಂಥಾಲಯಕ್ಕೆ ಹೋದರೆ ಎಲ್ಲ ಪುಸ್ತಕವೂ ಬೇಕೆನಿಸುತ್ತದೆ. ಅದು ವಿಷಯವಾಯಿತು, ಪ್ರಶ್ನೆಯಾಗಲಿಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತಂದ ಮೇಲೆ ಸರ್ಕಾರ ನೀರಿನ ಕರದ ಜೊತೆಗೆ ಬೆಟರ್‌ಮೆಂಟ್ ಲೆವಿಯನ್ನೂ ಕೇಳಿತು. ನೀರಾವರಿಯಿಂದ ಹೊಲದ ಬೆಲೆ ಏರುತ್ತದೆ, ಆ ಲಾಭದಲ್ಲಿ ಪಾಲು ಕೊಡಿ ಎಂಬುದು ಲೆವಿಯ ತರ್ಕ. ನೀರೇ ಸರಿಯಾಗಿ ಬಾರದ ಹೊಲಕ್ಕೂ ಕರವೇ ಎಂದು ರೈತರು ಎದ್ದರು. 1980ರ ಜುಲೈ 21ರಂದು ಗೋಲಿಬಾರ್ ನಡೆಯಿತು, ಹೋರಾಟ ರಾಜ್ಯಕ್ಕೆಲ್ಲ ಹಬ್ಬಿತು. ಇಲ್ಲಿಂದ ಒಂದು ಪ್ರಶ್ನೆ ಆರಿಸಿ. ಒಣಬೇಸಾಯದ ಊರುಗಳನ್ನು ಬಿಟ್ಟು ಕಾಲುವೆ ಬಂದ ಊರಲ್ಲೇ ಸಿಟ್ಟು ಏಕೆ ಹೊತ್ತಿತು? ಕೂಲಿಕಾರರು, ಹೆಣ್ಣುಮಕ್ಕಳು ಆ ಹೋರಾಟದಲ್ಲಿ ಎಲ್ಲಿದ್ದರು? ಪ್ರಶ್ನೆ ಇಷ್ಟು ಸಣ್ಣದಾದರೆ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಯಾವ ಜಿಲ್ಲೆಯಲ್ಲಿ ಹುಡುಕುವುದು?

ನಮ್ಮ ಭಾಗದ ವಿದ್ಯಾರ್ಥಿಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಹಿಂದಿನ ಬರವಣಿಗೆಯಲ್ಲಿ ನರಗುಂದವೂ ರೋಣವೂ ಧಾರವಾಡ ಜಿಲ್ಲೆಯವು. ಗಜೇಂದ್ರಗಡ ತೀರ ಈಚೆಗೆ ತಾಲ್ಲೂಕಾಯಿತು, ಅಲ್ಲಿಯವರೆಗೆ ಅದು ರೋಣ ತಾಲ್ಲೂಕಿನ ಲೆಕ್ಕದಲ್ಲೇ ಇತ್ತು. 1956ಕ್ಕಿಂತ ಹಿಂದೆ ಹೋದರೆ ಎಲ್ಲವೂ ಮುಂಬಯಿ ಆಡಳಿತ. ಹಾಗಾಗಿ 1858ರ ನರಗುಂದ ಬಂಡಾಯ, ಅಂದರೆ ಭಾಸ್ಕರರಾವ್ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದ ಪ್ರಸಂಗವನ್ನು ಹುಡುಕುವವರು ಬೆಂಗಳೂರಿನ ಪತ್ರಾಗಾರವೊಂದನ್ನೇ ನೆಚ್ಚಿ ಕೂರುವಂತಿಲ್ಲ. ಮುಂಬೈಯ ದಾಖಲೆಗಳ ಕಡೆಗೂ ನೋಡಬೇಕು. 1884ರಲ್ಲಿ ಪ್ರಕಟವಾದ ಧಾರವಾಡ ಗ್ಯಾಸೆಟಿಯರ್ ಬಾಂಬೆ ಪ್ರೆಸಿಡೆನ್ಸಿ ಮಾಲೆಯ 22ನೇ ಸಂಪುಟ. ಸೂಡಿಯ ಶಾಸನಗಳು ಬೇಕೆಂದರೆ ಎಪಿಗ್ರಾಫಿಯಾ ಇಂಡಿಕಾ 15ನೇ ಸಂಪುಟದಲ್ಲಿ ಬಾರ್ನೆಟ್ ಸಂಪಾದಿಸಿದ್ದನ್ನು ತೆಗೆಯಿರಿ. ಅದನ್ನೂ ಧಾರವಾಡ ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು.

ಊರ ಹೆಸರಿನ ಸ್ಪೆಲಿಂಗ್ ಇನ್ನೊಂದು ತಲೆನೋವು. ಇಂಗ್ಲಿಷಿನಲ್ಲಿ ನರ್ಗುಂದ್, ನರಗುಂದ್, ಹತ್ತೊಂಬತ್ತನೇ ಶತಮಾನದ ನುರ್ಗೂಂದ್, ಧಾರವಾಡಕ್ಕೆ ಧಾರವಾರ್, ಗಜೇಂದ್ರಗಡಕ್ಕಂತೂ ಬರೆದವರಿಗೊಂದು ರೂಪ. ಸಿಕ್ಕ ರೂಪಗಳನ್ನೆಲ್ಲ ಹಾಳೆಯೊಂದರಲ್ಲಿ ಗುರುತಿಸಿಟ್ಟುಕೊಂಡು ಒಂದೊಂದನ್ನೂ ಹಾಕಿ ಹುಡುಕಿ.

ಹುಡುಕಾಟ

ಶೋಧಗಂಗಾ ಮೊದಲ ನಿಲ್ದಾಣ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಉಚಿತ. ಆದರೆ ಅನೇಕ ಕನ್ನಡ ಪ್ರಬಂಧಗಳು ಸ್ಕ್ಯಾನ್ ಚಿತ್ರಗಳಾಗಿರುವುದರಿಂದ ಒಳಗಿನ ಪದ ಹಾಕಿದರೆ ಸಿಗುವುದಿಲ್ಲ. ವಿಶ್ವವಿದ್ಯಾಲಯ, ವಿಭಾಗ, ಮಾರ್ಗದರ್ಶಕರ ಹೆಸರಿನ ದಾರಿಯಲ್ಲಿ ಹೋಗಿ. ಶೀರ್ಷಿಕೆಯನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಕೊಟ್ಟು ನೋಡಿ.

ನಂತರ ಧಾರವಾಡಕ್ಕೆ ಒಮ್ಮೆ ಹೋಗಲೇಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, ಅಲ್ಲೇ ಕನ್ನಡ ಸಂಶೋಧನ ಸಂಸ್ಥೆ. ಕಪಾಟಿನಲ್ಲಿ ಬೇಕಾದ ಪುಸ್ತಕದ ಅಕ್ಕಪಕ್ಕದ ಪುಸ್ತಕಗಳನ್ನೂ ತೆಗೆದು ನೋಡಿ, ಗೂಗಲ್ ತೋರಿಸದ್ದು ಅಲ್ಲಿ ಕೈಗೆ ಸಿಗುತ್ತದೆ.

ರೈತ ಚಳವಳಿಗೆ ಎರಡು ಪುಸ್ತಕಗಳಿಂದ ಶುರುಮಾಡಬಹುದು. ಅರ್ಥಶಾಸ್ತ್ರಜ್ಞ ಎಂ.ವಿ. ನಾಡಕರ್ಣಿಯವರು ಭಾರತದ ರೈತ ಚಳವಳಿಗಳ ಬಗ್ಗೆ 1987ರಲ್ಲಿ ತಂದದ್ದು ಒಂದು. 1980ರಿಂದ 94ರವರೆಗಿನ ಕರ್ನಾಟಕದ ಚಳವಳಿಯ ಮೇಲೆ ರಾಜ್ಯಶಾಸ್ತ್ರಜ್ಞ ಮುಜಾಫರ್ ಅಸ್ಸಾದಿ ಬರೆದದ್ದು ಇನ್ನೊಂದು. ಇವುಗಳ ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ಹೋಗಿ. ಗೂಗಲ್ ಸ್ಕಾಲರ್‌ನಲ್ಲಿ ಇವನ್ನು ಉಲ್ಲೇಖಿಸಿದವರ ಕೊಂಡಿ ಒತ್ತಿ ಮುಂದಕ್ಕೆ ಬನ್ನಿ. ಹೊಸ ಲೇಖನಗಳಲ್ಲೂ ಹಳೆಯ ಹೆಸರುಗಳೇ ಮರಳಿ ಬರತೊಡಗಿದಾಗ ಹುಡುಕಾಟ ನಿಲ್ಲಿಸಬಹುದು.

1980ರ ಪತ್ರಿಕಾ ವರದಿ, ವಿಧಾನಸಭೆಯ ಚರ್ಚೆ, ಸರ್ಕಾರಿ ಆದೇಶ ಇವು ಆಕರಗಳು, ಅಧ್ಯಯನಗಳಲ್ಲ. ಅವುಗಳ ಜಾಗ ನಿಮ್ಮ ಮುಂದಿನ ಅಧ್ಯಾಯಗಳು. ಎರಡನ್ನೂ ಬೆರೆಸಬೇಡಿ.

ಟಿಪ್ಪಣಿ, ಬರವಣಿಗೆ

ಪ್ರತಿ ಪುಸ್ತಕಕ್ಕೂ ಒಂದು ಪುಟ: ಲೇಖಕರ ಪ್ರಶ್ನೆ, ಅವರು ನೆಚ್ಚಿದ ಆಕರ, ತೀರ್ಮಾನ, ಬಿಟ್ಟದ್ದು, ಪುಟಸಂಖ್ಯೆ. ಪುಟಸಂಖ್ಯೆ ಆಗಲೇ ಬರೆಯದಿದ್ದರೆ ಅದಕ್ಕಾಗಿಯೇ ಮತ್ತೆ ಧಾರವಾಡದ ಬಸ್ ಹತ್ತಬೇಕಾಗುತ್ತದೆ. ಕಂಪ್ಯೂಟರ್ ಇದ್ದವರಿಗೆ ಜೊಟೆರೋ ಎಂಬ ಉಚಿತ ತಂತ್ರಾಂಶ ಸಾಕು.

ಬರೆಯುವಾಗ ಲೇಖಕರ ಸರದಿ ಬಿಟ್ಟು ವಾದಗಳ ಗುಂಪು ಮಾಡಿ. ಬೆಲೆ ಮತ್ತು ಕರದ ಕಡೆಯಿಂದ ನೋಡಿದವರು ಒಂದು ಕಡೆ, ಸಂಘಟನೆ ಮತ್ತು ರಾಜಕಾರಣದ ಕಡೆಯಿಂದ ನೋಡಿದವರು ಇನ್ನೊಂದು ಕಡೆ. ಅವರು ಒಪ್ಪುವುದೆಲ್ಲಿ, ಒಪ್ಪದ್ದೆಲ್ಲಿ ಹೇಳಿ, ಕಡೆಗೆ ನಿಮ್ಮ ಪ್ರಶ್ನೆ ಎಲ್ಲಿ ನಿಲ್ಲುತ್ತದೆ ತಿಳಿಸಿ. ‘ಈ ವಿಷಯದಲ್ಲಿ ಯಾವ ಅಧ್ಯಯನವೂ ನಡೆದಿಲ್ಲ’ ಎಂಬ ಸಾಲು ಬರೆಯುವ ಧೈರ್ಯ ಮಾತ್ರ ಬೇಡ. ಮೌಖಿಕ ಪರೀಕ್ಷೆಯಲ್ಲಿ ಮೊದಲು ಬೀಳುವ ಏಟು ಅದಕ್ಕೇ.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಸ್ಪಷ್ಟವಾಗಿದೆ. ಹೋಲಿಕೆ ಶೇ 10 ದಾಟಿದರೆ ಪ್ರಬಂಧ ತಿದ್ದಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಇಂಗ್ಲಿಷ್ ಪ್ರಬಂಧವನ್ನು ಕನ್ನಡಕ್ಕೆ ತಂದು ತನ್ನದೆಂದರೆ ತಂತ್ರಾಂಶ ಹಿಡಿಯದೆ ಇರಬಹುದು, ಕಳ್ಳತನ ಮಾತ್ರ ಕಳ್ಳತನವೇ. ಚಾಟ್‌ಜಿಪಿಟಿಯಂಥವು ಇಲ್ಲದ ಪುಸ್ತಕಕ್ಕೂ ಲೇಖಕರನ್ನು, ಪ್ರಕಾಶಕರನ್ನು ಹುಟ್ಟಿಸಿ ಕೊಡುತ್ತವೆ. ಕಣ್ಣಾರೆ ಕಾಣದ ಕೃತಿಯನ್ನು ಉಲ್ಲೇಖಿಸಬೇಡಿ.

ಪ್ರಬಂಧ ಸಲ್ಲಿಸುವ ಮುನ್ನ ಶೋಧಗಂಗಾದಲ್ಲಿ ಇನ್ನೊಮ್ಮೆ ಹುಡುಕಿ, ನೀವು ಬರೆಯುತ್ತಿದ್ದಾಗಲೇ ಬೇರೆ ಯಾರೋ ಅದೇ ವಿಷಯ ಮುಗಿಸಿರಬಹುದು. ಪದವಿ ಬಂದ ಮೇಲೆ ಒಂದು ಪ್ರತಿಯನ್ನು ನಿಮ್ಮ ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಿ.