ಮಂಜುಗಡ್ಡೆಯೂ ಮಂದಮಾರುತವೂ

ನಮ್ಮ ನಾಡಿನ ಬಾಲಿಕೆಯರಿಗೆ ಮಂಜುಗಡ್ಡೆಯೆಂದರೆ ಪಾನಕದ ಲೋಟದಲ್ಲಿ ತೇಲುವ ವಸ್ತು. ಶೀತದೇಶಗಳಲ್ಲಿಯಾದರೋ ಅದು ಗಗನಚುಂಬಿಗಳಾದ ಪ್ರಸಾರಸ್ತಂಭಗಳನ್ನೂ ನೆಲಕ್ಕೆ ಕೆಡಹಲು ಕಾರಣವಾಗಬಲ್ಲುದು. ಇದನ್ನು ನಿಜವಾಗಿ ನಡೆದ ಒಂದು ಸಂಗತಿಯಿಂದ ವಿವರಿಸುವೆವು.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಎಮ್ಲಿ ಮೂರ್ ಎಂಬ ಎತ್ತರವಾದ ಬಯಲುಂಟು. ಅಲ್ಲಿ ದೂರದರ್ಶನದ ಪ್ರಸಾರಕ್ಕಾಗಿ ೧೯೬೬ರಲ್ಲಿ ೩೮೫ ಮೀಟರು ಎತ್ತರದ ಸ್ತಂಭವೊಂದು ಸಿದ್ಧವಾಯಿತು. ಅದರ ಕೆಳಗಿನ ೨೭೫ ಮೀಟರು ಉಕ್ಕಿನ ದುಂಡನೆಯ ಕೊಳವೆ. ಮೇಲಿನ ಭಾಗವು ಜಾಲರಿಯ ಕಟ್ಟು. ಸುತ್ತಲಿಂದ ಬಿಗಿದ ಉಕ್ಕಿನ ಹಗ್ಗಗಳು ಅದನ್ನು ನೆಟ್ಟಗೆ ನಿಲ್ಲಿಸಿದ್ದುವು. ೧೯೬೯ನೆಯ ಇಸವಿ ಮಾರ್ಚ್ ೧೯ರ ಸಂಜೆ ಐದು ಗಂಟೆಗೆ ಅದು ಕುಸಿದುಬಿದ್ದಿತು. ಹಗ್ಗವೊಂದು ಸಮೀಪದ ಮೆಥಡಿಸ್ಟ್ ದೇವಾಲಯದ ಛಾವಣಿಯನ್ನು ಸೀಳಿತು. ದೇವರ ದಯದಿಂದ ಯಾರಿಗೂ ಗಾಯವಾಗಲಿಲ್ಲ.

ಇದಕ್ಕೆ ಕಾರಣವೇನು? ಮೇಘದೊಳಗಿನ ಸಣ್ಣ ಹನಿಗಳು ಶೂನ್ಯ ಡಿಗ್ರಿಗಿಂತ ತಣ್ಣಗಾದರೂ ಕೆಲವೊಮ್ಮೆ ನೀರಾಗಿಯೇ ಇರುವುವು. ಉಕ್ಕನ್ನು ಮುಟ್ಟಿದೊಡನೆ ಅವು ಹೆಪ್ಪುಗಟ್ಟುವುವು. ಹೀಗೆ ಪದರದ ಮೇಲೆ ಪದರವು ಸೇರುವುದು. ಒಂದು ಘನ ಮೀಟರು ಮಂಜುಗಡ್ಡೆಯ ತೂಕವು ಸುಮಾರು ೯೦೦ ಕಿಲೋಗ್ರಾಂ. ಅದು ಎಲ್ಲಾ ಹಗ್ಗಗಳ ಮೇಲೆಯೂ ಸಮನಾಗಿ ಕೂಡದಿದ್ದರೆ ಸ್ತಂಭವನ್ನು ಒಂದು ಪಕ್ಕಕ್ಕೆ ಎಳೆಯುವುದು.

ಆದರೆ ಮಂಜುಗಡ್ಡೆಯೊಂದೇ ಅಪರಾಧಿಯಲ್ಲ. ವಿಚಾರಣಾ ಸಮಿತಿಯು ಬಿರುಗಾಳಿಯನ್ನು ದೂರಲಿಲ್ಲ. ಒಂದೇ ಸಮನೆ ಮೆಲ್ಲಗೆ ಬೀಸಿದ ಗಾಳಿಯಿಂದುಂಟಾದ ತೂಗಾಟವನ್ನು ದೂರಿತು. ದುಂಡು ಕಂಬವನ್ನು ದಾಟುವ ಗಾಳಿಯು ಅದರ ಹಿಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳನ್ನು ಬಿಡುವುದು. ಆ ಸುಳಿಗಳ ತಾಳವು ಕಂಬದ ಸ್ವಾಭಾವಿಕ ತೂಗಾಟದ ತಾಳಕ್ಕೆ ಸರಿಹೊಂದಿದರೆ ತೂಗಾಟವು ಬೆಳೆಯುತ್ತಾ ಹೋಗುವುದು. ಉಯ್ಯಾಲೆಯನ್ನು ಸಮಯವರಿತು ಮೆಲ್ಲಗೆ ತಳ್ಳುವ ಪುಟ್ಟ ಹುಡುಗಿಯು ತನಗಿಂತ ದೊಡ್ಡ ಅಕ್ಕನನ್ನು ಎತ್ತರಕ್ಕೆ ತೂಗುವಳಲ್ಲವೆ?

೧೯೮೦ರಲ್ಲಿ ಲಾರ್ಡ್ಸ್ ಸಭೆಯು ಅತ್ಯುಚ್ಚ ನ್ಯಾಯಸ್ಥಾನವಾಗಿ ಈ ವ್ಯಾಜ್ಯದ ತೀರ್ಪನ್ನು ಕೊಟ್ಟಿತು. ಗಾಳಿಯ ತೂಗಾಟವನ್ನೂ ಹಗ್ಗಗಳ ಮೇಲಿನ ಅಸಮವಾದ ಹಿಮಭಾರವನ್ನೂ ಒಟ್ಟುಗೂಡಿಸಿ ಆಲೋಚಿಸದಿದ್ದುದು ರಚನಾಕಾರರ ಅಜಾಗ್ರತೆಯೆಂದು ನಿರ್ಣಯವಾಯಿತು. ಕೆಲಸವು ಹೊಸದೆಂಬುದು ನೆಪವಾಗಲಿಲ್ಲ. ಹೊಸ ದಾರಿ ಹಿಡಿದವರು ಹೆಚ್ಚು ಎಚ್ಚರವಾಗಿರಬೇಕಷ್ಟೆ.

ಅದೇ ಮಾದರಿಯ ಬೆಲ್ಮಾಂಟ್ ಮತ್ತು ವಿಂಟರ್ ಹಿಲ್ ಸ್ತಂಭಗಳೊಳಗೆ ಭಾರವಾದ ಉಕ್ಕಿನ ಸರಪಣಿಗಳನ್ನು ತೂಗಬಿಟ್ಟು ಅಲುಗಾಟವನ್ನು ಅಡಗಿಸಿದರು. ಅವು ಇಂದಿಗೂ ನಿಂತಿವೆ. ಎಮ್ಲಿ ಮೂರಿನಲ್ಲಿ ೩೩೦ ಮೀಟರು ಎತ್ತರದ ಕಾಂಕ್ರೀಟು ಗೋಪುರವನ್ನು ಕಟ್ಟಿ ೧೯೭೧ರಲ್ಲಿ ಅದರಿಂದ ಪ್ರಸಾರವನ್ನಾರಂಭಿಸಿದರು.

ನಮ್ಮ ತರಗತಿಗಳಲ್ಲಿ ಪ್ರತಿಯೊಂದು ಅಂಕವನ್ನೂ ಸರಿಯಾಗಿ ಬರೆದು, ಕೊನೆಗೆ ಕೂಡುವುದನ್ನು ಮರೆಯುವ ಬಾಲಿಕೆಯರುಂಟು. ಬಾಳಿನ ಲೆಕ್ಕದಲ್ಲಿಯೂ ನಾವು ಹಾಗೆಯೇ ಮಾಡುವೆವು. ತಾಯಿತಂದೆಗಳೇ, ಮಗಳ ಸಣ್ಣ ಆಯಾಸವನ್ನೂ ಸಣ್ಣ ಮೌನವನ್ನೂ ಬೇರೆಬೇರೆಯಾಗಿ ನೋಡಿ ಕ್ಷುಲ್ಲಕವೆಂದು ಬಿಡಬೇಡಿರಿ, ಒಟ್ಟುಗೂಡಿಸಿ ನೋಡಿರಿ. ಬಿರುಗಾಳಿಗೆ ಎಲ್ಲರೂ ಎಚ್ಚರಗೊಳ್ಳುವರು; ಮಂದಮಾರುತಕ್ಕೂ ಎಚ್ಚರವಾಗಿರುವ ವಿವೇಕವನ್ನು ದೇವರು ನಮಗೆ ಅನುಗ್ರಹಿಸಲಿ.