ಜಾರಿ ಬಿದ್ದಾಗ ಆಗುವ ಪೆಟ್ಟುಗಳು

ಹೈದರಾಬಾದಿನ ಹಳೆಯ ಮನೆಗಳ ಅಂಗಳ, ಬಚ್ಚಲುಗಳಲ್ಲಿ ಶಹಾಬಾದ್ ಕಲ್ಲಿನ ಹಾಸು ಇಂದಿಗೂ ಕಾಣಸಿಗುತ್ತದೆ. ಈಗ ಕಲಬುರಗಿ ಜಿಲ್ಲೆಗೆ ಸೇರಿರುವ ಶಹಾಬಾದ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಬೇಸಿಗೆಯಲ್ಲಿ ತಂಪನ್ನೀಯುವ ಈ ಕಲ್ಲು ಸವೆದು ನುಣುಪಾದ ಮೇಲೆ, ಸಾಬೂನಿನ ನೀರು ಬಿದ್ದರೆ ಬಹಳ ಜಾರುತ್ತದೆ.

ಜಾರಿದವರು ಸಹಜವಾಗಿ ಕೈಯೂರುವುದರಿಂದ ಮಣಿಕಟ್ಟಿನ ಮೂಳೆ ಮುರಿಯುವುದುಂಟು. ವೃದ್ಧರಲ್ಲಿ, ವಿಶೇಷವಾಗಿ ಮುಟ್ಟು ನಿಂತ ಸ್ತ್ರೀಯರಲ್ಲಿ, ಮೂಳೆಗಳು ಸತ್ವಹೀನವಾಗಿರುತ್ತವೆ. ಪಕ್ಕಕ್ಕೆ ಬಿದ್ದರೆ ತೊಡೆಮೂಳೆಯ ಮೇಲ್ತುದಿಯೇ ಮುರಿಯಬಹುದು. ಬಿದ್ದವರು ಏಳಲಾರದೆ, ಒಂದು ಕಾಲು ಗಿಡ್ಡವಾದಂತೆ ತೋರಿ, ಪಾದ ಹೊರಕ್ಕೆ ತಿರುಗಿದ್ದರೆ ಇದನ್ನೇ ಶಂಕಿಸಬೇಕು. ಅವರನ್ನು ನಡೆಸುವುದಾಗಲಿ, ಎಣ್ಣೆ ಹಚ್ಚಿ ತಿಕ್ಕುವುದಾಗಲಿ, ಕಾಲನ್ನು ಎಳೆಯುವುದಾಗಲಿ ಕೂಡದು. ಚಿಕಿತ್ಸೆ ತಡವಾಗಿ ಹಾಸಿಗೆ ಹಿಡಿದವರಿಗೆ ನ್ಯುಮೋನಿಯಾ ತಗುಲಿ ಪ್ರಾಣಾಪಾಯವೂ ಒದಗಬಹುದು.

ನಗರದಲ್ಲಿ ಪುತ್ತೂರು ಕಟ್ಟಿನ ಫಲಕಗಳು ಅಲ್ಲಲ್ಲಿ ಕಾಣುತ್ತವೆ. ನಂಬಿಕೆ ಏನೇ ಇರಲಿ, ಎಕ್ಸ್-ರೇ ತೆಗೆಸದೆ ಕಟ್ಟು ಹಾಕಿಸಿಕೊಳ್ಳುವುದು ಉಚಿತವಲ್ಲ. ಅತಿ ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಅಂಗವೇ ಕೊಳೆಯಬಹುದು. ಬೆರಳುಗಳು ತಣ್ಣಗಾದರೆ, ಜೋಮು ಹಿಡಿದರೆ ಅಥವಾ ಬಣ್ಣಗೆಟ್ಟರೆ ಕಟ್ಟನ್ನು ಸಡಿಲಿಸಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ತಲೆಗೆ ಪೆಟ್ಟು ಬಿದ್ದಾಗ ಹೊರಗೆ ಗಾಯವಿಲ್ಲವೆಂದು ಸುಮ್ಮನಿರಬಾರದು. ವಾಂತಿ, ಅತಿಯಾದ ತೂಕಡಿಕೆ, ಹೆಚ್ಚುತ್ತಿರುವ ತಲೆನೋವು ಕೆಲವು ಗಂಟೆಗಳ ನಂತರ ಕಂಡುಬಂದರೂ 108ಕ್ಕೆ ಕರೆ ಮಾಡಬೇಕು. ಈ ಆಂಬ್ಯುಲೆನ್ಸ್ ಸೇವೆ 2005ರಲ್ಲಿ ಆರಂಭವಾದದ್ದು ಇದೇ ಹೈದರಾಬಾದಿನಲ್ಲಿ.