ಅಜ್ಜಿಯ ಮರೆವು, ಕೈಯ ನೆನಪು

ಚಳಿಗಾಲ ಬಂತೆಂದರೆ ವಿಶ್ವೇಶ್ವರಪುರದ ತಿಂಡಿ ಬೀದಿಯ ತುಂಬ ಅವರೆಕಾಳಿನ ಸೊಗಡು. ಬೆಳಿಗ್ಗೆ ತಿಂದ ತಿಂಡಿಯನ್ನೇ ಮರೆತ ಅಜ್ಜಿ, ನೆನೆಸಿದ ಅವರೆಕಾಳನ್ನು ಸರಸರನೆ ಹಿತುಕುತ್ತಾರೆ. "ಇದೆಲ್ಲ ನಾಟಕ" ಎಂದು ಮನೆಯವರು ಗದರುವುದುಂಟು. ನಾಟಕವಲ್ಲ.

ದೀರ್ಘಕಾಲದ ನೆನಪಿನಲ್ಲಿ ಹಲವು ಬಗೆಗಳಿವೆ. ಕೆನಡಾದ ಮನೋವಿಜ್ಞಾನಿ ಎಂಡೆಲ್ ಟಲ್ವಿಂಗ್ 1972ರಲ್ಲಿ ಎರಡನ್ನು ಬೇರ್ಪಡಿಸಿ ತೋರಿಸಿದರು. ನಮ್ಮ ಮೊದಲ ಪರಮಪ್ರಸಾದದ ದಿನ ನೆನಪಾಗುವುದು ಘಟನೆಯ ನೆನಪು. ಯೇಸು ಹುಟ್ಟಿದ ಊರು ಬೆತ್ಲೆಹೇಮ್ ಎಂದು ತಿಳಿದಿರುವುದು ಅರಿವಿನ ನೆನಪು. ಇವೆರಡರಿಂದ ಬೇರೆಯಾದದ್ದು ರೂಢಿಯ ನೆನಪು: ಕಾಳು ಹಿತುಕುವುದು, ಸೈಕಲ್ ತುಳಿಯುವುದು.

1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯುವುದು ಅವರ ಕೈಗೆ ದಿನೇದಿನೇ ಒಲಿಯಿತು. ಕಲಿತದ್ದು ಮಾತ್ರ ಅವರಿಗೆ ನೆನಪಿರಲಿಲ್ಲ!

ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ಘಟನೆಗಳ ನೆನಪು ಮೊದಲು ಮಾಸುತ್ತದೆ. ಕೈಯ ರೂಢಿ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ವಯಸ್ಸಿನ ಮರೆವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ನಮ್ಮೂರಿನಲ್ಲೇ ನಿಮ್ಹಾನ್ಸ್ ಇದೆ. "ಏನು ತಿಂದಿರಿ, ಹೇಳಿ ನೋಡೋಣ" ಎಂದು ಅಜ್ಜಿಯನ್ನು ಪರೀಕ್ಷಿಸಬೇಡಿ. ಸಂಜೆ ಅವರ ಕೈಗೆ ಜಪಸರ ಕೊಟ್ಟು, ಮಕ್ಕಳೊಡನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಬೆರಳುಗಳಿಗೆ ದಾರಿ ಗೊತ್ತಿರುತ್ತದೆ.